ನಗದು ಬೆಲೆಯೂ ಬೋರ್ಡಿನ ಮೇಲಿರಲಿ

ಮಾನ್ಯ ಸಂಪಾದಕರೇ,

ತಿಪಟೂರು ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು ನಾನು. ಬದುಕಿನ ಬಹುಪಾಲು ಬಡ್ಡಿ ಲೆಕ್ಕ ಹಾಕುವುದರಲ್ಲೇ ಸವೆದಿದೆ. ಕಣ್ಣು ಮಂಜಾದರೂ ಆ ಚಾಳಿ ಬಿಟ್ಟಿಲ್ಲ. ಹೋದ ತಿಂಗಳು ಮೊಮ್ಮಗಳಿಗೆ ಮೊಬೈಲ್ ಕೊಡಿಸಲು ಹೋದಾಗ ಆ ಚಾಳಿಯ ದೆಸೆಯಿಂದಲೇ ಕಣ್ಣಿಗೆ ಬಿದ್ದ ಸಂಗತಿಯೊಂದನ್ನು ನಿಮ್ಮ ಓದುಗರ ಮುಂದಿಡಬೇಕೆನಿಸಿತು. ಪತ್ರ ಉದ್ದವಾಯಿತು, ಗೊತ್ತು. ಕತ್ತರಿ ಆಡಿಸುವುದಾದರೆ ಬೇರೆ ಕಡೆ ಆಡಿಸಿ, ಲೆಕ್ಕ ಇರುವ ಜಾಗ ಮುಟ್ಟಬೇಡಿ.

ಹುಡುಗಿ ತುಮಕೂರಿನಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ಬಸ್ಸಿನಿಂದ ಇಳಿಯುವಾಗ ಹಳೇ ಫೋನು ಕೈಜಾರಿ ಬಿದ್ದು ಡಿಸ್‌ಪ್ಲೇ ಹೋಯಿತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ರಿಪೇರಿಯವನೇ ಹೇಳಿದ. ಸರಿ, ತಿಪಟೂರಿನ ಒಂದು ಅಂಗಡಿಗೆ ಹೋದೆವು. ಅವಳು ಆರಿಸಿದ ಫೋನಿನ ಡಬ್ಬಿಯ ಮೇಲೆ ಎಂಆರ್‌ಪಿ 21,999 ಎಂದಿತ್ತು. ಆ ಬೆಲೆಗೆ ಕೊಂಡವರು ಲೋಕದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ. ಅಂಗಡಿಯ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದದ್ದು 18,999. ಅದರ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ತಿಂಗಳಿಗೆ ಬರೀ 2,111 ಮಾತ್ರ, ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯ ಖರ್ಚಿಲ್ಲದ ತಿಂಗಳ ಕಂತು. ‘ಬರೀ’ ಮತ್ತು ‘ಮಾತ್ರ’ ಎರಡನ್ನೂ ಹಾಕಿದ್ದರು.

ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಫೈನಾನ್ಸ್ ಕಂಪನಿಯ ಹುಡುಗ ಟ್ಯಾಬ್ ಹಿಡಿದು ಪಕ್ಕಕ್ಕೆ ಬಂದಿದ್ದ. “ಯಜಮಾನ್ರೇ, ಆಧಾರ್ ನಂಬರ್ ಹೇಳಿ, ಎರಡು ನಿಮಿಷದ ಕೆಲಸ. ಒಂದು ಓಟಿಪಿ ಬರುತ್ತೆ, ಅಷ್ಟೇ.” ಅಂಗಡಿಯ ಇನ್ನೊಬ್ಬ ಹುಡುಗ ಆಗಲೇ ಡಬ್ಬಿ ಬಿಚ್ಚಿ, ಫೋನಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಲ್ಲಿ ಎತ್ತುತ್ತಿದ್ದ. “ಟೆಂಪರ್ಡ್ ಗ್ಲಾಸು ಫ್ರೀ ಮೇಡಂ.” ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಬಿಟ್ಟರೆ ಆಮೇಲೆ ಬೇಡ ಅನ್ನುವುದು ಕಷ್ಟವಲ್ಲವೇ, ಹಾಗೆ.

ನಾನು ಕೇಳಿದ್ದು ಒಂದೇ ಮಾತು. “ದುಡ್ಡು ಈಗಲೇ ಎಣಿಸಿದರೆ ಎಷ್ಟಕ್ಕೆ ಕೊಡ್ತೀರಪ್ಪ?”

ಅಂಗಡಿ ಮಾಲೀಕರು ಮುಖ ಎತ್ತಿ ನೋಡಿದರು. ಕ್ಯಾಲ್ಕುಲೇಟರ್ ಒತ್ತಿ, ಬಾಯಲ್ಲಿ ಹೇಳದೆ ಅದರ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. 17,800.

ಈ 17,800 ಎಂಬ ಅಂಕಿ ಬೋರ್ಡಿನಲ್ಲಿರಲಿಲ್ಲ, ಟ್ಯಾಬಿನಲ್ಲಿರಲಿಲ್ಲ, ಕೇಳದಿದ್ದರೆ ನಮ್ಮ ಕಿವಿಗೂ ಬೀಳುತ್ತಿರಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಅಲ್ಲೇ ಬಿದ್ದಿದ್ದ ಹಳೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅವರ ಸ್ಕೀಮಿನಲ್ಲಿ ಒಟ್ಟು 9 ಕಂತು. ಅದರಲ್ಲಿ 3 ಕಂತನ್ನು ಮೊದಲೇ ಕಟ್ಟಬೇಕು, ಅಂದರೆ 6,333 ರೂಪಾಯಿ. ಪ್ರೊಸೆಸಿಂಗ್ ಫೀಸು ಜಿಎಸ್‌ಟಿ ಸೇರಿ 825. ಇವಲ್ಲದೆ ‘ಸ್ಕ್ರೀನ್ ಪ್ರೊಟೆಕ್ಷನ್’ ಎಂದು 999 ಕೂಡ ನಮ್ಮನ್ನು ಕೇಳದೆಯೇ ಸೇರಿಕೊಂಡಿತ್ತು. ಬೇಡ ಅಂದೆ, ಹುಡುಗ ಮರುಮಾತಿಲ್ಲದೆ ತೆಗೆದ. ಹಾಗೆ ಸುಮ್ಮನೆ ತೆಗೆದನೆಂದರೆ ಕೇಳದವರ ತಲೆಗೆ ದಿನವೂ ಅದನ್ನು ಕಟ್ಟುತ್ತಿದ್ದಾರೆ ಎಂದೇ ಅರ್ಥ. ಒಟ್ಟಿನಲ್ಲಿ ಮೊದಲ ದಿನ ಕೈಬಿಡುವ ದುಡ್ಡು 7,158.

ನಗದಿನ ಬೆಲೆ 17,800ರಲ್ಲಿ ಇದನ್ನು ಕಳೆದರೆ ಉಳಿಯುವುದು 10,642. ನಿಜವಾಗಿ ನಮಗೆ ಸಾಲವಾಗಿ ಸಿಕ್ಕಿದ್ದು ಇಷ್ಟೇ. ತೀರಿಸಬೇಕಾದ್ದು 2,111ರಂತೆ 6 ತಿಂಗಳು, 12,666. ವ್ಯತ್ಯಾಸ 2,024 ರೂಪಾಯಿ. ತಿಂಗಳು ತಿಂಗಳೂ ಅಸಲು ಇಳಿಯುತ್ತ ಹೋಗುವುದರಿಂದ ಸರಾಸರಿಯಲ್ಲಿ ಅದು ಮೂರೂವರೆ ತಿಂಗಳ ಸಾಲ. ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿಗಿಂತ ಮೇಲಿನ ಬಡ್ಡಿ, ವರ್ಷಕ್ಕೆ ಶೇ 60 ದಾಟುತ್ತದೆ. ಐದು ರೂಪಾಯಿ ಬಡ್ಡಿಗೆ ಸಾಲ ಕೊಡುವವನನ್ನು ಊರಿನಲ್ಲಿ ಏನೆಂದು ಕರೆಯುತ್ತಾರೆ ಎಂದು ನಾನು ಇಲ್ಲಿ ಬರೆಯಲಾರೆ. ಇದೇ 10,642ನ್ನು ಹೆಂಗಸರ ಸ್ವಸಹಾಯ ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿಯಂತೆ ತಂದು ಆರು ತಿಂಗಳಲ್ಲಿ ತೀರಿಸಿದ್ದರೆ ಬಡ್ಡಿ ಸುಮಾರು 372 ಆಗುತ್ತಿತ್ತು. ನಮ್ಮ ರಾಜ್ಯದಲ್ಲಿ ಪರವಾನಗಿ ಪಡೆದ ಲೇವಾದೇವಿಗಾರ ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಆರ್‌ಬಿಐ ನೋಂದಣಿ ಇರುವ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಈ ಕಾನೂನು ತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆ ವಿಚಾರ ದೊಡ್ಡದು, ಬಿಡಿ.

ಈ 2,024 ರೂಪಾಯಿ ಪೂರ್ತಿ ಫೈನಾನ್ಸ್ ಕಂಪನಿಗೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಗಡಿಯವರಿಗೆ ಎಷ್ಟೋ, ಫೋನ್ ತಯಾರಿಸಿದವರಿಗೆ ಎಷ್ಟೋ. ಯಾರ ಜೇಬಿಗೆ ಹೋದರೇನು, ಹೋಗುವುದು ನಮ್ಮ ಜೇಬಿನಿಂದ.

ಶೂನ್ಯ ಬಡ್ಡಿ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷಗಟ್ಟಲೆ ನಾನೇ ಶೂನ್ಯ ಬಡ್ಡಿಯ ಬೆಳೆ ಸಾಲ ಹಂಚಿದ್ದೇನೆ. ಮೂರು ಲಕ್ಷದವರೆಗೆ ಇದ್ದ ಆ ಮಿತಿಯನ್ನು 2023ರಲ್ಲಿ ಐದು ಲಕ್ಷಕ್ಕೆ ಏರಿಸಿದರು. ರೈತನಿಗೆ ಬಡ್ಡಿ ಸೊನ್ನೆ ನಿಜ. ಆದರೆ ಸಂಘದ ಪುಸ್ತಕದಲ್ಲಿ ಬಡ್ಡಿ ಎಂದೂ ಸೊನ್ನೆಯಾಗಿರಲಿಲ್ಲ. ಪ್ರತಿಯೊಬ್ಬನ ಹೆಸರಿನ ಮುಂದೆ ದಿನದ ಲೆಕ್ಕದಲ್ಲಿ ಬಡ್ಡಿ ಕಟ್ಟಿ, ಕ್ಲೇಮು ಪಟ್ಟಿ ಮಾಡಿ, ಸರ್ಕಾರದ ಸಹಾಯಧನ ಬರುವುದನ್ನು ಕಾಯುತ್ತ ಕೂರುತ್ತಿದ್ದೆ. ಗಡುವಿನೊಳಗೆ ಕಟ್ಟದ ರೈತನಿಗೆ ಆ ಸೊನ್ನೆ ಇಲ್ಲ, ಬಡ್ಡಿ ಅವನ ತಲೆಗೇ ಬರುತ್ತದೆ. ಒಬ್ಬರು ಒಂದು ದಿನ ತಡವಾಗಿ ಬಂದು, ಕೌಂಟರಿನ ಮುಂದೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದು ಇನ್ನೂ ಕಣ್ಣ ಮುಂದಿದೆ. ಸಾಲಕ್ಕೆ ಬಡ್ಡಿ ಇಲ್ಲ ಅಂದರೆ ಅದನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ, ಇಲ್ಲವೇ ಅದನ್ನು ಬೇರೆ ಹೆಸರಿನಲ್ಲಿ ನಿಮ್ಮಿಂದಲೇ ತೆಗೆಯುತ್ತಿದ್ದಾರೆ. ಆರ್‌ಬಿಐ ಕೂಡ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೀಗೇ ಹೇಳಿತ್ತು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಕ್ರೆಡಿಟ್ ಕಾರ್ಡಿನ ಸೊನ್ನೆ ಬಡ್ಡಿ ಸ್ಕೀಮುಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಫೀಸಿನ ವೇಷದಲ್ಲಿ ವಸೂಲು ಮಾಡುತ್ತಾರೆ ಎಂದು. ಈಗ ಬೋರ್ಡಿನ ಮೇಲೆ ‘ಝೀರೋ’ ಇಲ್ಲ, ‘ನೋ ಕಾಸ್ಟ್’ ಇದೆ.

ಅಂಗಡಿಯಲ್ಲಿ ನಾನು ಇಷ್ಟೊಂದು ಹಟ ಹಿಡಿಯಲು ನನ್ನ ಮಗನ ಕಥೆಯೂ ಕಾರಣ. ಅವನು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ. ಸಂಬಳ ಬರುವುದು 7ನೇ ತಾರೀಕು. ಹಿಂದೊಂದು ದೀಪಾವಳಿಯಲ್ಲಿ ಕಂತಿನ ಮೇಲೆ ಫೋನು ತೆಗೆದ. ಕಂತು ಕಡಿತವಾಗುವುದು 2ನೇ ತಾರೀಕು. ಮೂರನೇ ತಿಂಗಳಲ್ಲಿ ಖಾತೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಕಮ್ಮಿ ಬಿತ್ತು. ಆಟೊ ಡೆಬಿಟ್ ಬೌನ್ಸಾಯಿತು, ಬ್ಯಾಂಕು 590 ಹಿಡಿಯಿತು. 5ನೇ ತಾರೀಕು ಕಂಪನಿಯವರು ಮತ್ತೆ ಕಳಿಸಿದರು. ಆಗಲೂ ದುಡ್ಡಿಲ್ಲ, ಮತ್ತೆ 590. ಕಂಪನಿಯ ದಂಡ ಬೇರೆ 500. ಆ ತಿಂಗಳು ಸಾವಿರದ ಎಂಟುನೂರು ರೂಪಾಯಿಯ ಕಂತಿಗೆ 1,680 ರೂಪಾಯಿ ಖರ್ಚು. ಫೋನಿನೊಳಗೆ ಅವರದೇ ಒಂದು ಆ್ಯಪ್ ಇತ್ತು, ಅಳಿಸಿದರೂ ಅಳಿಯದಂಥದ್ದು. ನೈಟ್ ಶಿಫ್ಟಿನಲ್ಲಿ ಇದ್ದಾಗ ‘ಕಂತು ಬಾಕಿ ಇದೆ’ ಎಂದು ಪರದೆ ತುಂಬ ಬಂದು ಕೂತಿತಂತೆ. ಅಕ್ಕಪಕ್ಕದವರು ನೋಡಿದರು. ನನ್ನ ಮುಂದೆ ಅದನ್ನು ಹೇಳುವಾಗ ಅವನು ಕೆಳಗೆ ನೋಡುತ್ತಿದ್ದ. ಆಮೇಲೆ ಬೈಕಿನ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಿಬಿಲ್ ವರದಿ ತೆಗೆದು, ಆ ಒಂದು ಕಂತು ತಡವಾದದ್ದನ್ನೇ ಬೆರಳಿಟ್ಟು ತೋರಿಸಿದರು.

ಕಂತು ಕಟ್ಟದಿದ್ದರೆ ದೂರದಿಂದಲೇ ಫೋನಿಗೆ ಬೀಗ ಹಾಕುವ ಅಧಿಕಾರವನ್ನು ಸಾಲ ಕೊಟ್ಟವರಿಗೆ ಕೊಡಬಹುದೇ ಎಂದು ಆರ್‌ಬಿಐ ಪರಿಶೀಲಿಸುತ್ತಿದೆ ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಸಹಕಾರ ಸಂಘದವನಾಗಿ ನಾನು ಜಪ್ತಿಯೇ ತಪ್ಪು ಅನ್ನಲಾರೆ, ನಮ್ಮಲ್ಲೂ ಜಪ್ತಿ ಇತ್ತು. ಆದರೆ ನೋಟಿಸು ಹೋಗಬೇಕಿತ್ತು, ಗಡುವು ಕೊಡಬೇಕಿತ್ತು, ಆಡಳಿತ ಮಂಡಳಿಯಲ್ಲಿ ಮಾತಾಗಬೇಕಿತ್ತು. ಈಗ ಫೋನೇ ಬ್ಯಾಂಕು, ಫೋನೇ ಪರ್ಸು. ಅದಕ್ಕೆ ಬೀಗ ಬಿದ್ದರೆ ಬಾಕಿ ಕಂತನ್ನು ಕಟ್ಟುವುದಾದರೂ ಯಾವುದರಿಂದ?

ಕಂತು ಎಂದರೆ ಮೋಸ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗ ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಫೋನು ಕೆಟ್ಟ ದಿನ ಅವನ ದುಡಿಮೆಯೂ ಕೆಟ್ಟಿತು. ಅಂಥವನು ನೂರಕ್ಕೆ ಐದರ ಬಡ್ಡಿಗಾದರೂ ಅವತ್ತೇ ಫೋನು ತೆಗೆಯುವುದು ಸರಿ. ಎರಡು ದಿನದ ದುಡಿಮೆಯಲ್ಲಿ ಆ ಬಡ್ಡಿ ಹುಟ್ಟುತ್ತದೆ. ನಮ್ಮ ಸೊಸೆ ಹೊಲಿಗೆ ಯಂತ್ರವನ್ನು ಕಂತಿನಲ್ಲೇ ತಂದದ್ದು, ಅದು ತನ್ನ ಕಂತನ್ನು ತಾನೇ ಹೊಲಿದುಕೊಂಡಿತು. ಆದರೆ ದುಡ್ಡು ಕೈಯಲ್ಲಿದ್ದೂ ‘ನೋ ಕಾಸ್ಟ್ ತಾನೇ, ಇರಲಿ’ ಎಂದು ಕಂತಿಗೆ ಹೋಗುವವರು ಎಷ್ಟು ಜನ! ಆ ಅಂಗಡಿಯಲ್ಲಿ ನಾನು ಕೂತಿದ್ದ ಮುಕ್ಕಾಲು ಗಂಟೆಯಲ್ಲಿ ನಾಲ್ಕು ಜನ ಫೋನು ಕೊಂಡರು. ನಾಲ್ವರೂ ಟ್ಯಾಬಿನ ಮುಂದೆ ಓಟಿಪಿ ಓದಿ ಹೇಳಿದರು. ನಗದಿನ ಬೆಲೆ ಒಬ್ಬರೂ ಕೇಳಲಿಲ್ಲ.

ಫೋನನ್ನೂ ಕರೆನ್ಸಿಯನ್ನೂ ಒಟ್ಟಿಗೆ ಗಂಟು ಹಾಕಿ ಮಾರುವುದು ಹೊಸದಲ್ಲ. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಟ್ಟಾಗ ನಮ್ಮ ಊರಿನಲ್ಲಿ ಅದು ಹಬ್ಬ. ಸಂಘದ ಅಧ್ಯಕ್ಷರು ಮೊದಲ ಕರೆ ಮಾಡಿದ್ದೇ ನಮ್ಮ ಕಚೇರಿಯ ಲ್ಯಾಂಡ್‌ಲೈನಿಗೆ, ಹೊರಗಿನ ಜಗಲಿಯಲ್ಲಿ ನಿಂತುಕೊಂಡು. ಆ ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಲು ಜಾಗವೇ ಇರಲಿಲ್ಲ. 2021ರ ದೀಪಾವಳಿಗೆ ಜಿಯೋಫೋನ್ ನೆಕ್ಸ್ಟ್ ಬಂದಾಗ ಮಾತ್ರ ನನಗೆ ಒಂದು ವಿಷಯ ಹಿಡಿಸಿತು. ನಗದಾದರೆ 6,499, ಕಂತಾದರೆ ಮೊದಲು 1,999 ಕೊಟ್ಟು ಉಳಿದದ್ದು 18 ಅಥವಾ 24 ತಿಂಗಳು ಕರೆ-ಡೇಟಾ ಸಮೇತ ಎಂದು ಎರಡನ್ನೂ ಒಟ್ಟಿಗೆ ಜಾಹೀರು ಮಾಡಿದ್ದರು. ಕೊಳ್ಳುವವನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಿತ್ತು. ನನಗೆ ಬೇಕಾದ್ದೂ ಅಷ್ಟೇ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಹೇಳುವ ಪ್ರಕಾರ ಅಲ್ಲಿ ಎರಡು ವರ್ಷದ ಕಾಂಟ್ರ್ಯಾಕ್ಟು ಮಾಡಿಕೊಂಡು ಫೋನು ಪಡೆಯುವುದು ಮಾಮೂಲು, ತಿಂಗಳ ಬಿಲ್ಲಿನಲ್ಲೇ ಫೋನಿನ ದುಡ್ಡೂ ಸೇರಿರುತ್ತದೆ. ಮೊದಲೆಲ್ಲ ಆ ಫೋನುಗಳು ಒಂದೇ ಕಂಪನಿಗೆ ಲಾಕ್ ಆಗಿರುತ್ತಿದ್ದವು. 2021ರ ಡಿಸೆಂಬರಿನಿಂದ ಹಾಗೆ ಲಾಕ್ ಮಾಡಿ ಮಾರುವುದನ್ನು ಅಲ್ಲಿನ ನಿಯಂತ್ರಣ ಸಂಸ್ಥೆ ನಿಲ್ಲಿಸಿತು. ಇವಳು ಮಾತ್ರ ಫೋನನ್ನು ಬೇರೆ ಕೊಂಡು ಬರೀ ಸಿಮ್ ತೆಗೆದುಕೊಂಡಿದ್ದಾಳೆ. “ದೊಡ್ಡಮಾವ, ನೀವು ಹೇಳಿಕೊಟ್ಟ ಬುದ್ಧಿನೇ” ಅಂದಳು. ನಾನು ಹೇಳಿಕೊಟ್ಟ ನೆನಪು ನನಗಿಲ್ಲ, ಆದರೂ ಸುಮ್ಮನಿದ್ದೆ.

ನಮ್ಮಲ್ಲಿ ಹೆಚ್ಚಿನವರು ಪ್ರೀಪೇಯ್ಡ್ ಆದ್ದರಿಂದ ಆ ಬಗೆಯ ಕರಾರಿನ ಕಾಟವಿಲ್ಲ. ಬೇಡವಾದರೆ ನಂಬರು ಉಳಿಸಿಕೊಂಡೇ ಬೇರೆ ಕಂಪನಿಗೆ ಹೋಗಬಹುದು. ಒಂದು ಲೆಕ್ಕ ಮಾತ್ರ ಫೋನ್ ಕೊಳ್ಳುವಾಗ ಯಾರೂ ಹಾಕುವುದಿಲ್ಲ. ರೀಚಾರ್ಜಿನ ತಿಂಗಳು ಅಂದರೆ 28 ದಿನ, ವರ್ಷಕ್ಕೆ 13 ಸಲ. 2024ರ ಜುಲೈನಲ್ಲಿ ದರ ಏರಿ ಜಿಯೋದ 239ರ ಪ್ಲಾನು 299 ಆಯಿತಲ್ಲ, ಆ ದರದಲ್ಲಿ ವರ್ಷಕ್ಕೆ 3,887 ರೂಪಾಯಿ. ಕಂತಿಗೆ ಹೋಗುವವರು ಇದನ್ನೂ ಕಂತಿನ ಜೊತೆಗೇ ಎಣಿಸಬೇಕು.

ಈಗ ಕಾಗದದ ವಿಷಯ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರೆಲ್ಲರೂ ಸಾಲದ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ಆರ್‌ಬಿಐ ನಿಯಮ ಮಾಡಿದೆ. ಬಡ್ಡಿ, ಫೀಸು ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿರಬೇಕು. ಅದು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಬೇಕು, ಅರ್ಥವಾಯಿತು ಎಂದು ಒಪ್ಪಿಗೆ ಪಡೆಯಬೇಕು. ನಾನು ಕೇಳಿದೆ. “ಮೊಬೈಲಿಗೇ ಬರುತ್ತೆ ಯಜಮಾನ್ರೇ” ಎಂದ ಹುಡುಗ. ಬಂದದ್ದು ಒಂದು ಲಿಂಕು, ಒತ್ತಿದರೆ ಹತ್ತಾರು ಪುಟದ ಇಂಗ್ಲಿಷ್ ಕಡತ. ಬಿಎಸ್ಸಿ ಓದುವ ಹುಡುಗಿಯೇ ಎರಡನೇ ಪುಟದಲ್ಲಿ ಸುಸ್ತಾದಳು. ಕನ್ನಡದ್ದು ಕೊಡಿ ಅಂದರೆ ಆ ಹುಡುಗ ನಕ್ಕ. ಕೆಟ್ಟ ನಗೆಯಲ್ಲ, ಪಾಪ. ಅವನಿಗೂ ದಿನಕ್ಕೆ ಇಷ್ಟು ಫೈಲು ಮಾಡಿಸಬೇಕೆಂಬ ಟಾರ್ಗೆಟ್ಟು ಇರುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಆ ಪತ್ರವನ್ನು ಕನ್ನಡದಲ್ಲೇ ಕೊಟ್ಟರೂ ನನ್ನ ಲೆಕ್ಕದ ದೊಡ್ಡ ಪಾಲು ಅದರಲ್ಲಿ ಕಾಣುವುದಿಲ್ಲ. ಸಾಲ ಕೊಡುವವರ ಕಾಗದಕ್ಕೆ ಫೋನಿನ ಬೆಲೆ 18,999 ಮಾತ್ರ ಗೊತ್ತು. ನಗದು ಕೊಟ್ಟವರಿಗೆ ಅದೇ ಅಂಗಡಿ 1,199 ರೂಪಾಯಿ ಬಿಡುತ್ತದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಕಂತಿಗೆ ಹೋದವನು ಕಳೆದುಕೊಳ್ಳುವ ಆ ರಿಯಾಯಿತಿ ಯಾವ ಕಾಗದದಲ್ಲೂ ಬಡ್ಡಿ ಎಂದು ಬರೆಸಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಹೇಳುತ್ತಿದ್ದೇನೆ: ಕಂತಿನ ಬೆಲೆ ಬರೆದ ಬೋರ್ಡಿನಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನಗದು ಬೆಲೆಯನ್ನೂ ಬರೆಯಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ ಆದೇಶ ಮಾಡಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಒಂದು ಮಾರ್ಕರ್ ಪೆನ್ನು ಸಾಕು.

ಅಲ್ಲಿಯವರೆಗೆ ಓದುಗರು ಬಾಯಿಬಿಟ್ಟು ಕೇಳಬೇಕು. ಓಟಿಪಿ ಹೇಳುವ ಮುಂಚೆ ಕೇಳಬೇಕು, ಹೇಳಿದ ಮೇಲೆ ಕೇಳಿದರೆ ಬಾಯಿ ನೋವು ಅಷ್ಟೇ. ಆಟೊ ಡೆಬಿಟ್ ತಾರೀಕನ್ನು ಸಂಬಳದ ದಿನ ಕಳೆದ ಮೇಲೆ ಇಡಿಸಿಕೊಳ್ಳಬೇಕು, ಅದಾಗುವುದಿಲ್ಲ ಅಂದರೆ ಆ ಸಾಲವೇ ಬೇಡ. ಕೇಳದ ಇನ್ಶೂರೆನ್ಸು ಸೇರಿಸಿದ್ದರೆ, ತಪ್ಪಾಗಿ ದಂಡ ಹಿಡಿದಿದ್ದರೆ ಮೊದಲು ಕಂಪನಿಗೇ ಲಿಖಿತವಾಗಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಬಹುದು. 14448ಕ್ಕೆ ಕರೆ ಮಾಡಿದರೆ ದೂರು ಕೊಡುವ ದಾರಿ ಹೇಳುತ್ತಾರೆ. ನನ್ನ ಮಗ ಇದನ್ನೇನೂ ಮಾಡಲಿಲ್ಲ. “ಹೋಗ್ಲಿ ಬಿಡಪ್ಪ” ಅಂದ.

ಮೊಮ್ಮಗಳ ಫೋನು ಏನಾಯಿತು ಎಂದು ಕೇಳುತ್ತೀರಿ. 17,800ಕ್ಕೇ ತೆಗೆದೆವು. ಅವಳ ಉಳಿತಾಯ 7,800. ಉಳಿದ 10,000 ನಾನು ಕೊಬ್ಬರಿ ಮಾರಿದ ದುಡ್ಡಿನಿಂದ ಹಾಕಿದೆ. ದಾನವಲ್ಲ, ಸಾಲ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಖಾತೆ ತೆಗೆದು ತಿಂಗಳಿಗೆ 1,000ದಂತೆ 10 ಕಂತು, ಬಡ್ಡಿ ಸೊನ್ನೆ ಎಂದು ಬರೆದು, ಕೆಳಗೆ ‘ಬಡ್ಡಿಯನ್ನು ತಾತ ಭರಿಸತಕ್ಕದ್ದು’ ಎಂದು ಷರಾ ಹಾಕಿ ಇಬ್ಬರೂ ಸಹಿ ಮಾಡಿದ್ದೇವೆ. ಮೊದಲ ಕಂತೇ ತಡವಾಗಿದೆ. ಮೊನ್ನೆ ಭಾನುವಾರ ಊರಿಗೆ ಬಂದಿದ್ದಳು. ಬೌನ್ಸ್ ಚಾರ್ಜು ಹಾಕಲೇನಮ್ಮ ಎಂದು ಕೇಳಿದೆ. ಎದ್ದು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು.

ಇತಿ ತಮ್ಮ ವಿಶ್ವಾಸಿ,
ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ, ತಿಪಟೂರು ತಾಲ್ಲೂಕು